ಬಿರಿದ ಹಣ್ಣಿನ ರೆಲಿಶ್

ಲಸ್ಕ್ ಊರಿನಿಂದ ಕಡಲ ಕಡೆಗೆ ಹೋಗುವ ರಸ್ತೆಯಲ್ಲಿ ಹಾರ್ಫರ್ಡ್ ಮನೆತನದ ಗಾಜಿನ ಮನೆಗಳನ್ನು ನೋಡದೆ ಯಾರೂ ದಾಟಿ ಹೋಗುವಂತಿರಲಿಲ್ಲ. ಅಜ್ಜ ಕಟ್ಟಿಸಿದ್ದನ್ನು ಅಪ್ಪ ದೊಡ್ಡದು ಮಾಡಿದ್ದ. ಅದರ ಒಂದೊಂದು ಗಾಜನ್ನೂ ಫಿಂಟನ್ ಹಾರ್ಫರ್ಡ್ ತನ್ನ ಕನ್ನಡಕದ ಹಾಗೆ ಒರೆಸಿ ಇಟ್ಟುಕೊಂಡಿದ್ದ. ಒಳಗೆ ಸಾಲುಸಾಲಾಗಿ ಹುರಿಗೆ ಸುತ್ತಿ ಮೇಲಕ್ಕೇರಿದ ಟೊಮೆಟೊ ಗಿಡಗಳು. ಡಬ್ಲಿನ್ ಮಾರುಕಟ್ಟೆಯ ವ್ಯಾಪಾರಿಗಳು ತನ್ನ ಹಣ್ಣನ್ನು ಹೆಸರು ಹಿಡಿದು ಕೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ತಾನಾಗಿ ಹೇಳುತ್ತಿರಲಿಲ್ಲ; ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದ.

ಎಷ್ಟೇ ಜೋಪಾನ ಮಾಡಿದರೂ ಒಂದಷ್ಟು ಹಣ್ಣು ಬಿರಿಯುತ್ತವೆ. ನಾಲ್ಕು ದಿನ ಮೋಡ ಕವಿದು ಆಮೇಲೆ ಒಮ್ಮೆಗೇ ಬಿಸಿಲು ಹೊಡೆದರೆ ಸಾಕು, ತೊಟ್ಟಿನ ಸುತ್ತ ಸಿಪ್ಪೆ ಸೀಳಿ ಬಾಯಿ ಬಿಡುತ್ತದೆ. ಅಂಥ ಹಣ್ಣನ್ನು ಮಾರುಕಟ್ಟೆಯಲ್ಲಿ ಮೂಸಿಯೂ ನೋಡುವುದಿಲ್ಲ. ಅದೆಲ್ಲ ಹಿತ್ತಿಲ ಬಾಗಿಲಿನಿಂದ ಫಿಂಟನ್‌ನ ಹೆಂಡತಿ ಕಾರ್ಮೆಲ್‌ಳ ಅಡುಗೆಮನೆಗೆ ಹೋಗುತ್ತಿತ್ತು. ಬಾಲ್‌ಬ್ರಿಗನ್‌ನಲ್ಲಿದ್ದ ಅವಳ ಅಜ್ಜಿ ಮಾಡುತ್ತಿದ್ದ ರೆಲಿಶ್ ಎಂಬ ಸಿಹಿಹುಳಿ ಗೊಜ್ಜನ್ನು ಅವಳ ಅಮ್ಮ ಮಾಡಿದ್ದಳು, ಈಗ ಇವಳು ಮಾಡುತ್ತಿದ್ದಳು. ಹಣ್ಣಿನ ಮೇಲೆ ಕುದಿನೀರು ಹೊಯ್ದು ಸಿಪ್ಪೆ ಸುಲಿಯುವುದು, ಈರುಳ್ಳಿ ಹೆಚ್ಚಿ ಸೇರಿಸುವುದು, ಕಂದು ಸಕ್ಕರೆ, ವಿನೆಗರ್, ಸಾಸಿವೆ, ಶುಂಠಿ ಪುಡಿ, ಒಂದು ಹಿಡಿ ಒಣದ್ರಾಕ್ಷಿ. ಆಮೇಲೆ ಸಣ್ಣ ಉರಿಯಲ್ಲಿ ಮಧ್ಯಾಹ್ನವಿಡೀ ಕುದಿಯಬೇಕು. ಕೈ ಬಿಡದೆ ತಿರುವಬೇಕು. ಮರದ ಸೌಟನ್ನು ತಳದಲ್ಲಿ ಎಳೆದರೆ ಗೆರೆ ಒಂದು ಕ್ಷಣ ಹಾಗೇ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಅಲ್ಲಿಗೆ ಇಳಿಸುವುದು.

ಆ ಮನೆಯಲ್ಲಿ ರೆಲಿಶ್ ಇಲ್ಲದ ಊಟವೇ ಇರಲಿಲ್ಲ. ಬೆಳಿಗ್ಗೆ ಹುರಿದ ಮೊಟ್ಟೆ, ಬೇಕನ್ ಪಕ್ಕದಲ್ಲಿ ಒಂದು ಚಮಚ. ಭಾನುವಾರದ ಮಾಂಸ ಉಳಿದರೆ ಸೋಮವಾರ ತಣ್ಣಗೆ ಹೆಚ್ಚಿ ಅದರ ಜೊತೆ. ಸ್ಟ್ಯೂ ಸಪ್ಪೆ ಎನಿಸಿದರೆ ಅದಕ್ಕೂ ಒಂದಿಷ್ಟು. ಬಂದವರು ತಿಂದು ಬಾಯಿ ಚಪ್ಪರಿಸಿದರೆ ಫಿಂಟನ್ ಕುರ್ಚಿಗೆ ಒರಗಿ, "ಹಣ್ಣು ಎಲ್ಲೀದು ಮತ್ತೆ," ಎನ್ನುತ್ತಿದ್ದ. ಜನ ನಗುತ್ತಿದ್ದರು, ಕಾರ್ಮೆಲ್ ಕೂಡ ನಗುತ್ತಿದ್ದಳು. ಹೀಗೆ ಹೊಗಳಿಕೆಯೆಲ್ಲ ಅವನ ತಟ್ಟೆಗೇ ಬೀಳುತ್ತಿತ್ತು. ಅದು ತನ್ನದಲ್ಲ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆ ನೆಮ್ಮದಿ ಕೆಟ್ಟದ್ದು ಒಂದು ಸಾವಿನ ಮನೆಯ ಚಹಾದಿಂದ. ಊರಿನ ಹಳೆಯ ಶಾಲಾ ಮಾಸ್ತರರನ್ನು ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಸಭಾಮನೆಯಲ್ಲಿ ಹೆಂಗಸರು ಚಹಾ, ಸ್ಯಾಂಡ್‌ವಿಚ್ ಹಂಚುತ್ತಿದ್ದರು. ಕಾರ್ಮೆಲ್ ತನ್ನ ಪಾಲಿನ ಹ್ಯಾಮ್ ಸ್ಯಾಂಡ್‌ವಿಚ್ಚುಗಳಿಗೆಲ್ಲ ರೆಲಿಶ್ ಸವರಿದ್ದಳು. ಅದನ್ನು ತಿಂದವರಲ್ಲಿ ಲೋರ್ಕನ್ ಡೆನಿಸ್ ಎಂಬ ಯುವಕನೂ ಒಬ್ಬ. ಊರೂರು ಸುತ್ತಿ ಅಡುಗೆ ಕಲಿತು ಬಂದು ಸ್ಕೆರೀಸ್ ಬಂದರಿನ ಎದುರು ಸಣ್ಣ ಹೋಟೆಲು ಹಾಕಿದ್ದ. ಅವನು ಸ್ಯಾಂಡ್‌ವಿಚ್ ಬಿಡಿಸಿ ಒಳಗೆ ನೋಡಿದ, ಮೂಸಿದ, ಇನ್ನೊಂದು ತೆಗೆದುಕೊಂಡ. ಆಮೇಲೆ ಇದನ್ನು ಮಾಡಿದವರು ಯಾರು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಕಾರ್ಮೆಲ್‌ಳ ಎದುರಿಗೇ ಬಂದು ನಿಂತ. ಪಕ್ಕದಲ್ಲಿದ್ದ ಫಿಂಟನ್ ರೂಢಿಯಂತೆ, ಹಣ್ಣು ನಮ್ಮದೇ ಎಂದ. ಲೋರ್ಕನ್ ಹೌದಾ ಎಂದು ತಲೆಯಾಡಿಸಿ ಮತ್ತೆ ಕಾರ್ಮೆಲ್ ಕಡೆಗೇ ತಿರುಗಿದ. ಶುಂಠಿ ಎಷ್ಟು ಹಾಕುತ್ತೀರಿ, ಸಕ್ಕರೆ ಮೊದಲೋ ಕೊನೆಗೋ, ಇಷ್ಟೇ ಅವನಿಗೆ ಬೇಕಾದದ್ದು.

ಅದಾದ ಮೇಲೆ ಲೋರ್ಕನ್ ಮಂಗಳವಾರ ಮಂಗಳವಾರ ವ್ಯಾನು ತೆಗೆದುಕೊಂಡು ಬಾಟಲಿ ಒಯ್ಯಲು ಬರತೊಡಗಿದ. ಬಂದವನು ಒಯ್ದು ಹೋಗಬೇಕಲ್ಲ? ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದ. ಚೆಡ್ಡರ್ ಚೀಸಿನ ಕೆಳಗೆ ರೆಲಿಶ್ ಸವರಿ ಬ್ರೆಡ್ ಸುಟ್ಟರೆ ಜನ ಮುಗಿಬೀಳುತ್ತಾರೆ ಎಂದು ಹೇಳುತ್ತಿದ್ದ. ಕಾಡ್ ಮೀನಿನ ಮೇಲೆ ದಪ್ಪಗೆ ಹಚ್ಚಿ, ಬ್ರೆಡ್ಡಿನ ಪುಡಿ ಉದುರಿಸಿ ಬೇಯಿಸಿ ನೋಡಿ ಎಂದು ಕಾರ್ಮೆಲ್ ಹೇಳಿದರೆ ಖುಷಿಯಿಂದ ಕುಣಿದಾಡುತ್ತಿದ್ದ. ಕುರಿ ಕೈಮಾಕ್ಕೆ ಬೆರೆಸಿ ಮೇಲೆ ಆಲೂಗಡ್ಡೆ ಮುದ್ದೆ ಹರಡಿ ಬೇಯಿಸುವುದು, ಸಾಸೇಜ್ ಬೇಯುವಾಗ ಮೇಲೆ ಬಳಿಯುವುದು, ಹೀಗೆ ಇಬ್ಬರೂ ತಲೆ ಹತ್ತಿರ ಮಾಡಿಕೊಂಡು ಮಾತಾಡುತ್ತಿದ್ದರು. ಫಿಂಟನ್ ಗಾಜಿನ ಮನೆಯಿಂದ ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಒಳಗೆ ಬರುತ್ತಿದ್ದ, ಕತ್ತರಿ ಹುಡುಕಲು ಮತ್ತೆ ಬರುತ್ತಿದ್ದ. ಲೋರ್ಕನ್ ಎದ್ದು ನಿಂತು, "ಹೇಗಿದೀರಿ ಮಿಸ್ಟರ್ ಹಾರ್ಫರ್ಡ್," ಎಂದು ಗೌರವದಿಂದಲೇ ಕೇಳುತ್ತಿದ್ದ. ಆ ಗೌರವವೇ ಫಿಂಟನ್‌ಗೆ ಮುಳ್ಳಾಗುತ್ತಿತ್ತು. ಮುದುಕನಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ.

ಬಾಟಲಿಗೆ ಚೀಟಿ ಅಂಟಿಸಬೇಕೆಂದಾಗ ಲೋರ್ಕನ್ ಅದರ ಮೇಲೆ 'ಕಾರ್ಮೆಲ್‌ಳ ರೆಲಿಶ್' ಎಂದಷ್ಟೇ ಬರೆಸಿ ತಂದ. ಹಾರ್ಫರ್ಡ್ ಎಂಬ ಹೆಸರು ಎಲ್ಲೂ ಇರಲಿಲ್ಲ. ಫಿಂಟನ್ ಬಾಟಲಿಯನ್ನು ತಿರುಗಿಸಿ ಹಿಂದೆಯೂ ನೋಡಿದ.

ಆ ಬೇಸಿಗೆ ಮುಗಿಯುವಷ್ಟರಲ್ಲಿ ಊರ ಬಾಯಿ ತಿರುಗಿಹೋಗಿತ್ತು. ಫುಟ್‌ಬಾಲ್ ಮೈದಾನದಲ್ಲಿ ಪಕ್ಕ ಕೂತ ಅಪರಿಚಿತನೊಬ್ಬ, ಓಹೋ, ನೀವೇನಾ ಆ ರೆಲಿಶ್ ಹೆಂಗಸಿನ ಯಜಮಾನರು ಎಂದು ಕೈ ಕುಲುಕಿದ. ಡಬ್ಲಿನ್ ವ್ಯಾಪಾರಿ ಫೋನು ಮಾಡಿ ಹಣ್ಣಿನ ಲೆಕ್ಕ ಮುಗಿಸಿದ ಮೇಲೆ, ಒಂದೆರಡು ಬಾಟಲಿ ಕಳಿಸಿಕೊಡಯ್ಯಾ, ನಮ್ಮ ಮನೆಯವಳು ಕಾಟ ಕೊಡ್ತಿದ್ದಾಳೆ ಎಂದ. ಫಿಂಟನ್ ಫೋನಿಟ್ಟು ಗಾಜಿನ ಮನೆಗೆ ಹೋದ. ಕೆಂಪಗೆ ತೂಗುತ್ತಿದ್ದ ಗೊಂಚಲುಗಳನ್ನು ನೋಡಿದರೆ, ಇವೆಲ್ಲ ಹೆಂಡತಿಯ ಬಾಣಲೆಗೆ ತಲೆ ಕೊಡಲು ಸಾಲು ನಿಂತ ಹಾಗೆ ಕಂಡಿತು. ಅಂದಿನಿಂದ ಅವನು ರೆಲಿಶ್ ಮುಟ್ಟುವುದನ್ನು ಬಿಟ್ಟ. ಕಾರ್ಮೆಲ್ ಹೊಸದಾಗಿ ಏನಾದರೂ ಮಾಡಿ ರುಚಿ ನೋಡೆಂದು ಮುಂದಿಟ್ಟರೆ, ನನಗೆ ಬರೀ ಬೆಣ್ಣೆ ಆಲೂಗಡ್ಡೆ ಸಾಕು ಎನ್ನುತ್ತಿದ್ದ. ಮೊದಮೊದಲು ಯಾಕೆ ಎಂದು ಕೇಳಿದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಕೇಳುವುದನ್ನು ಬಿಟ್ಟದ್ದಕ್ಕೂ ಅವನಿಗೆ ಸಿಟ್ಟು ಬಂತು.

ಒಂದು ದಿನ ಅವನು ಪಂಪಿನ ಭಾಗ ತರಬೇಕೆಂದು ಹೇಳಿ ಸ್ಕೆರೀಸ್‌ಗೆ ಹೋಗಿ, ಲೋರ್ಕನ್‌ನ ಹೋಟೆಲಿನ ಮೂಲೆಯಲ್ಲಿ ಪೇಪರು ಹಿಡಿದು ಕೂತ. ಮೊಟ್ಟೆ ಕೇಳಿದ. ಮೊಟ್ಟೆಯ ಪಕ್ಕದಲ್ಲಿ ಕೇಳದೇ ಇದ್ದ ರೆಲಿಶ್ ಬಂತು. ಬಡಿಸುವ ಹುಡುಗಿ, ಇದನ್ನು ಬಿಡಬೇಡಿ ಸರ್, ಇಲ್ಲಿಯ ಒಬ್ಬರು ಮನೆಯಲ್ಲೇ ಮಾಡೋದು ಎಂದು ಅವನಿಗೇ ಹೇಳಿ ಹೋದಳು. ಆಗ ಒಳಗಿನ ಅಡುಗೆಮನೆಯಿಂದ ಒಂದು ನಗು ಕೇಳಿಸಿತು. ಕಾರ್ಮೆಲ್‌ಳ ನಗು. ಪೇಪರಿನ ಅಂಚಿನಿಂದ ನೋಡಿದರೆ ಅವಳು ಯಾರದೋ ಬಿಳಿ ಏಪ್ರನ್ ಕಟ್ಟಿಕೊಂಡು, ಒಲೆಯಿಂದ ತೆಗೆದ ಮೀನಿನ ತಟ್ಟೆಯ ಮೇಲೆ ಬಗ್ಗಿದ್ದಳು. ಲೋರ್ಕನ್ ಮತ್ತು ಇನ್ನಿಬ್ಬರು ಅಡುಗೆಯವರು ಅವಳ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ನಗುತ್ತಿದ್ದಳು. ಆ ನಗು ಈಗಲೂ ಅವಳಲ್ಲಿ ಇದೆ, ಆದರೆ ಅದನ್ನು ಮನೆಯಿಂದ ಇಷ್ಟು ದೂರ ತಂದು ಖರ್ಚು ಮಾಡುತ್ತಿದ್ದಾಳೆ ಎಂದು ಕಂಡ ಫಿಂಟನ್ ಪೇಪರು ಮಡಚಿದ. ಮೊಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದ. ಸಂಜೆ ಪಂಪಿನ ಭಾಗ ಸಿಕ್ಕಿತಾ ಎಂದು ಅವಳು ಕೇಳಿದಾಗ ಇಲ್ಲ ಎಂದ.

ಮರುವರ್ಷ ಆಗಸ್ಟ್ ತಿಂಗಳಲ್ಲಿ ಬಂದರಿನ ಮೇಲೆ ಒಂದು ಭಾನುವಾರ ಸುತ್ತಲಿನ ಊರುಗಳ ತಿಂಡಿತಿನಿಸಿನ ಸಂತೆ ಮಾಡುವುದೆಂದು ಗೊತ್ತಾಯಿತು. ಲೋರ್ಕನ್ ಅಲ್ಲಿ ಕಾರ್ಮೆಲ್‌ಳ ರೆಲಿಶ್ಶಿಗೇ ಒಂದು ಮೇಜು ಹಾಕುತ್ತೇನೆಂದ. ಯಾವತ್ತಿಗಿಂತ ತುಂಬಾ ಹೆಚ್ಚು ಬೇಕೆಂದ. ಕಾರ್ಮೆಲ್ ಅದನ್ನು ಊಟದ ಹೊತ್ತಿನಲ್ಲಿ ಫಿಂಟನ್‌ಗೆ ತಿಳಿಸಿ, ಈ ಎರಡು ವಾರ ಬಿರಿದ ಹಣ್ಣನ್ನೆಲ್ಲ ಎತ್ತಿಡು ಎಂದಳು. ಫಿಂಟನ್ ಆಯಿತು ಎಂದ.

ಆ ವಾರ ಮೋಡ ಬಂತು, ಬಿಸಿಲೂ ಬಂತು. ಹಣ್ಣು ಬೇಕಾದಷ್ಟು ಬಿರಿಯಿತು. ಫಿಂಟನ್ ಅದನ್ನೆಲ್ಲ ಬೆಳಿಗ್ಗೆ ಬೆಳಿಗ್ಗೆ ಬಿಡಿಸಿ ಪೆಟ್ಟಿಗೆಗೆ ತುಂಬಿ, ನಾಲ್ ಎಂಬ ಊರಿನ ಕಡೆ ಹಂದಿ ಸಾಕುವ ಒಬ್ಬ ಮುದುಕನ ಟ್ರ್ಯಾಕ್ಟರಿಗೆ ಹಾಕಿ ಕಳಿಸಿಬಿಟ್ಟ. ಪೆಟ್ಟಿಗೆ ಎತ್ತುವಾಗ ಅವನ ಕೈ ಒಂದಿಷ್ಟು ತಡೆಯಿತು. ಆದರೆ ಹೋಟೆಲಿನ ಒಳಗಿನಿಂದ ಬಂದ ಆ ನಗು ನೆನಪಾಯಿತು, ಎತ್ತಿದ.

ಸಂಜೆ ಕಾರ್ಮೆಲ್ ಗಾಜಿನ ಮನೆಯ ಬಾಗಿಲಲ್ಲಿ ನಿಂತು ಖಾಲಿ ಮೂಲೆಯನ್ನು ನೋಡಿದಳು.

"ಒಂದು ಹಣ್ಣೂ ಬಿರೀಲಿಲ್ವಾ?"

"ಈ ಸಲ ಹವಾ ಚೆನ್ನಾಗಿತ್ತು."

ಅವಳು ಅವನ ಮುಖವನ್ನು ನೋಡಿದಳು. ಅಂಗಳದಲ್ಲಿ ಟ್ರ್ಯಾಕ್ಟರಿನ ಚಕ್ರದ ಗುರುತಿತ್ತು, ಅದನ್ನೂ ನೋಡಿದಳು. ಒಳಗೆ ಹೋದಳು. ಜಗಳಕ್ಕೆ ಸಿದ್ಧನಾಗಿದ್ದ ಫಿಂಟನ್ ಖಾಲಿ ಮೂಲೆಯ ಮುಂದೆ ಒಬ್ಬನೇ ಉಳಿದ.

ಮರುದಿನ ಮಧ್ಯಾಹ್ನ ಅವನು ಗಿಡಗಳ ಕಂಕುಳಲ್ಲಿ ಬಂದ ಚಿಗುರು ಚಿವುಟುತ್ತಿದ್ದಾಗ ಗಾಳಿಯ ಜೊತೆ ಒಂದು ವಾಸನೆ ಬಂತು. ಕಾದ ವಿನೆಗರ್, ಈರುಳ್ಳಿ, ಸಾಸಿವೆ, ಕರಗುತ್ತಿರುವ ಸಕ್ಕರೆ. ಹಣ್ಣೆಲ್ಲಿಂದ ತಂದಳು ಎಂದು ಅವಸರದಿಂದ ಮನೆಗೆ ಬಂದು ನೋಡಿದ. ಅಡುಗೆಮನೆ ತಣ್ಣಗಿತ್ತು. ಒಲೆ ಒರೆಸಿಟ್ಟ ಹಾಗೇ ಇತ್ತು. ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ ದೊಡ್ಡ ಬಾಣಲೆ ಇರಲಿಲ್ಲ.

ಹೊರಗೆ ಬಂದು ಮೂಗೆತ್ತಿ ನಿಂತ. ವಾಸನೆ ಬೇಲಿಯಾಚೆಯಿಂದ ಬರುತ್ತಿತ್ತು. ಬೇಲಿಯಾಚೆ ಪ್ಯಾಕಿ ವೆಲ್ಡನ್‌ನ ಮನೆ.

ಪ್ಯಾಕಿ ವೆಲ್ಡನ್ ಕೂಡ ಟೊಮೆಟೊ ಬೆಳೆಯುವವನೇ. ಅವನ ಗಾಜಿನ ಮನೆಗಳು ಫಿಂಟನ್‌ನವುಗಳಿಗಿಂತ ಚಿಕ್ಕವು, ಅಲ್ಲಲ್ಲಿ ಒಡೆದ ಗಾಜಿಗೆ ಪ್ಲಾಸ್ಟಿಕ್ ಅಂಟಿಸಿದ್ದವು. ಆದರೂ ಒಂದು ವರ್ಷ ಕೃಷಿ ಪ್ರದರ್ಶನದಲ್ಲಿ ಟೊಮೆಟೊ ಬಹುಮಾನದ ಕಪ್ ಅವನಿಗೆ ಹೋಗಿತ್ತು. ಅಂದಿನಿಂದ ಫಿಂಟನ್ ಅವನ ಜೊತೆ ಹವಾಮಾನದ ಮಾತು ಬಿಟ್ಟು ಬೇರೆ ಮಾತಾಡಿದವನಲ್ಲ. ಇನ್ನೊಂದು ಹಳೆಯ ಸಂಗತಿಯೂ ಇತ್ತು. ಮದುವೆಗೆ ಮುಂಚೆ, ಬೇಸಿಗೆಯ ಕುಣಿತದ ಡೇರೆಯಲ್ಲಿ ಒಂದು ಸಂಜೆ ಕಾರ್ಮೆಲ್ ಪ್ಯಾಕಿಯ ಜೊತೆ ಕುಣಿದಿದ್ದಳು. ಅಷ್ಟೇ ನಡೆದದ್ದು. ಪ್ಯಾಕಿ ಆಮೇಲೆ ಬ್ರಿಡಿಯನ್ನು ಮದುವೆಯಾದ, ಸುಖವಾಗಿದ್ದ, ಎರಡು ವರ್ಷದ ಹಿಂದೆ ಅವಳನ್ನು ಕಳೆದುಕೊಂಡ. ಕುಣಿದವರಿಬ್ಬರೂ ಮರೆತಿದ್ದ ಆ ಸಂಜೆಯನ್ನು ಫಿಂಟನ್ ಒಬ್ಬನೇ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದ.

ಬೇಲಿಯ ಸಂದಿನಿಂದ ಇಣುಕಿದ. ಪ್ಯಾಕಿಯ ಅಡುಗೆಮನೆಯ ಕಿಟಕಿ ಆವಿಯಿಂದ ಮಂಜಾಗಿತ್ತು. ಒಳಗೆ ಗಂಡಸಿನ ದನಿ ಏನೋ ಹೇಳಿತು, ಹೆಂಗಸಿನ ದನಿ ನಕ್ಕಿತು. ತನ್ನ ಮನೆಯ ವಾಸನೆ ಇನ್ನೊಬ್ಬನ ಮನೆಯ ಕಿಟಕಿಯಿಂದ ಬರುತ್ತಿದೆ. ತನ್ನ ಮನೆಯ ನಗುವೂ ಅಲ್ಲಿಂದಲೇ ಬರುತ್ತಿದೆ. ಫಿಂಟನ್ ಮಣ್ಣಿನ ಬೂಟಿನಲ್ಲೇ ರಸ್ತೆ ಸುತ್ತಿ ಹೋಗಿ, ಬಾಗಿಲು ಬಡಿಯದೆ ಒಳಗೆ ನುಗ್ಗಿದ.

ಪ್ಯಾಕಿ ಮೇಜಿನ ಮುಂದೆ ಹೂವಿನ ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಕಾರ್ಮೆಲ್ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

"ಒಳಗೆ ಬಾರಯ್ಯಾ," ಎಂದ ಪ್ಯಾಕಿ, ತೋಳಿನಿಂದ ಮೂಗು ಒರೆಸಿಕೊಂಡು. "ಬಾಗಿಲು ತೆರೆದಿಟ್ರೆ ಕಣಜ ಬರ್ತವೆ."

ಕಾರ್ಮೆಲ್ ತಿರುಗಲಿಲ್ಲ. "ಹಂದಿಗಳು ಹೇಗಿವೆ ಫಿಂಟನ್? ಹೊಟ್ಟೆ ತುಂಬ ತಿಂದ್ವಂತಾ?"

ಹಂದಿ ಸಾಕುವ ಮುದುಕ ಅಂಚೆ ಕಚೇರಿಯಲ್ಲಿ ಸಿಕ್ಕಿ, ನಿನ್ನ ಗಂಡ ಎಂಥ ಧಾರಾಳಿ, ತಾಯಿ ಎಂದು ಅವಳ ಕೈ ಹಿಡಿದು ಹೇಳಿದ್ದನಂತೆ. ಫಿಂಟನ್ ಹಂದಿಯ ಮಾತು ಬಿಟ್ಟು, ನಮ್ಮ ಮನೆಯಲ್ಲಿ ಒಲೆ ಇಲ್ಲವಾ ಎಂದು ಕೇಳಿದ. ಒಲೆ ಇದೆ, ಹಣ್ಣಿಲ್ಲ ಎಂದಳು. ಇಲ್ಲಿ ಹಣ್ಣು ಕೊಟ್ಟವರೇ ಹೆಚ್ಚಲೂ ಕೂತರು, ಹೊತ್ತು ಉಳಿಯಿತು ಎಂದಳು. ನೀರು ಕುಡಿಸಿ ಊದಿಸಿದ ಹಣ್ಣಿನಲ್ಲಿ ರೆಲಿಶ್ ಮಾಡುತ್ತೀಯಾ ಎಂದು ಫಿಂಟನ್ ಹಂಗಿಸಿದ. ಅದು ಕಪ್ ಗೆದ್ದ ತಳಿ ಕಣಯ್ಯಾ ಎಂದು ಪ್ಯಾಕಿ ತಮಾಷೆಗೆ ಅಂದ. ಅಲ್ಲಿಗೆ ಫಿಂಟನ್‌ನ ನಾಲಿಗೆ ಕಡಿವಾಣ ಕಿತ್ತುಕೊಂಡಿತು.

"ಹಣ್ಣು ಪುಕ್ಕಟೆ ಕೊಟ್ನಾ? ಅದಕ್ಕೆ ನೀನು ಇವನಿಗೆ ಏನು ಕೊಡ್ತಿದೀಯ?"

ಪ್ಯಾಕಿ ಚಾಕುವನ್ನು ಕೆಳಗಿಟ್ಟ. ಅವನ ಮುಖದಲ್ಲಿದ್ದ ತಮಾಷೆ ಹೊರಟುಹೋಗಿತ್ತು.

"ಇದು ನನ್ನ ಬ್ರಿಡಿ ಅಡುಗೆಮನೆ," ಎಂದ ಮೆಲ್ಲಗೆ. "ಇಲ್ಲಿ ಆ ಥರ ಮಾತು ಬೇಡ ಫಿಂಟನ್."

ಕಾರ್ಮೆಲ್ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು ತಿರುಗಿದಳು. ದನಿ ಏರಿಸಲಿಲ್ಲ.

"ನಿನ್ನ ಹಣ್ಣನ್ನ ಊರೆಲ್ಲ ಹೊಗಳ್ತು, ನಾನೂ ಹೊಗಳ್ದೆ. ಮೂವತ್ತು ವರ್ಷ. ನನ್ನ ಒಂದು ಬಾಟ್ಲಿನ ಯಾರೋ ನಾಲ್ಕು ಜನ ಹೊಗಳಿದ್ರೆ ನಿನ್ನ ಗಂಟಲಲ್ಲಿ ಅನ್ನ ಇಳಿಯಲ್ಲ. ಹಣ್ಣನ್ನ ಹಂದಿಗೆ ಹಾಕ್ದೆ, ಸುಮ್ಮನಿದ್ದೆ. ಈಗ ಆಡಿದ ಮಾತನ್ನ ಯಾವ ಹಂದಿಗೆ ಹಾಕ್ತೀಯ?"

ಅವನು ಒಂದು ಹೆಜ್ಜೆ ಮುಂದಿಟ್ಟ.

"ಮನೆಗೆ ಹೋಗು. ಇದು ತಳ ಹಿಡಿಯತ್ತೆ," ಎಂದು ಅವಳು ಮತ್ತೆ ಒಲೆಯ ಕಡೆ ತಿರುಗಿದಳು.

ಅವಳು ಸಂಜೆ ಮನೆಗೆ ಬಂದಳು. ಬಾಟಲಿಗಳನ್ನು ತಂದು ಕಪಾಟಿನಲ್ಲಿ ಜೋಡಿಸಿದಳು. ಆಮೇಲೆ, ಕಾರ್ಕ್ ಊರಿಗೆ ಹೋಗಿ ನೆಲೆಸಿದ ಮಗಳು ಮನೆಯಲ್ಲಿ ಬಿಟ್ಟುಹೋದ ಖಾಲಿ ಕೋಣೆಗೆ ತನ್ನ ದಿಂಬು ಎತ್ತಿಕೊಂಡು ಹೋದಳು. ಮಾತು ಬಿಟ್ಟಳು ಎನ್ನುವಂತಿಲ್ಲ. ಹಾಲು ತೀರಿದೆ, ಫೋನು ಬಂದಿತ್ತು, ಇಷ್ಟು ಮಾತು ಇತ್ತು. ಪ್ಯಾಕಿಯ ಮನೆಗೆ ಹೋಗುವುದೂ ನಡೆದೇ ಇತ್ತು. ಫಿಂಟನ್ ನಾಚಿಕೆಪಟ್ಟ ಎಂದರೆ ಅರ್ಧ ಸತ್ಯ. ಆ ಮಾತು ಆಡಬಾರದಿತ್ತು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಚಿಗುರಿನ ಜೊತೆ ಒಳ್ಳೆಯ ಗೊಂಚಲನ್ನೂ ಚಿವುಟಿ ಹಾಕುವಷ್ಟು ಉರಿಯುತ್ತಿದ್ದ.

ಅವನಿಗೆ ಒಂದೇ ಒಂದು ಆಸೆ ಉಳಿದಿತ್ತು: ಆ ರೆಲಿಶ್ ಕೆಟ್ಟದಾಗಿರಬೇಕು. ಪ್ಯಾಕಿಯ ಹಣ್ಣು ಸಪ್ಪೆ, ಅದರಲ್ಲಿ ಮಾಡಿದ್ದು ನೀರುನೀರಾಗಿರಲೇಬೇಕು. ಬಂದರಿನ ಮೇಲೆ ಜನ ಒಂದು ಚಮಚ ತಿಂದು ಮುಖ ಮುಖ ನೋಡಿಕೊಳ್ಳಬೇಕು. ಆಗ ಹಾರ್ಫರ್ಡ್ ಹಣ್ಣು ಏನೆಂದು ಲೋರ್ಕನ್‌ಗೂ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ. ಈ ಯೋಚನೆಯನ್ನು ಅವನು ಊಟದಂತೆ ತಿಂದುಕೊಂಡು ದಿನ ಕಳೆದ.

ಸಂತೆಯ ಹಿಂದಿನ ದಿನ ಮಧ್ಯಾಹ್ನ, ಕಾರ್ಮೆಲ್ ಸ್ಕೆರೀಸ್‌ಗೆ ಹೋಗಿದ್ದಾಗ, ಕಪಾಟು ತೆಗೆದು ಹೊಸ ಬಾಟಲಿಯೊಂದನ್ನು ಇಳಿಸಿದ. ಬೆಳಿಗ್ಗೆ ಬೇಯಿಸಿದ ಆಲೂಗಡ್ಡೆ ಇತ್ತು, ಒಂದು ಚೂರು ಹ್ಯಾಮ್ ಇತ್ತು. ಮೇಲೊಂದು ಚಮಚ ಹಾಕಿಕೊಂಡ. ಬಾಯಿಗಿಡುವಾಗಲೇ ಮುಖ ಕಹಿ ಮಾಡಿಕೊಳ್ಳಲು ಸಿದ್ಧನಾಗಿದ್ದ.

ಮೊದಲು ಹುಳಿ, ಅದರ ಹಿಂದೆಯೇ ಸಿಹಿ, ಹಲ್ಲಿಗೆ ಸಿಕ್ಕಿ ಪಟ್ಟೆನ್ನುವ ಸಾಸಿವೆ, ಗಂಟಲಿಳಿದ ಮೇಲೆ ಉಳಿಯುವ ಶುಂಠಿಯ ಬಿಸಿ. ಅದೇ. ಮದುವೆಯಾದ ಮೊದಲ ಬೇಸಿಗೆಯಿಂದ ತಿಂದುಕೊಂಡು ಬಂದದ್ದೇ. ನಂಬಿಕೆ ಬರದೆ, ಕಪಾಟಿನ ಹಿಂದಿನಿಂದ ಹೋದ ವರ್ಷದ, ತನ್ನ ಹಣ್ಣಿನ ಬಾಟಲಿಯನ್ನು ಹುಡುಕಿ ತೆಗೆದು ಅದರಿಂದಲೂ ಒಂದು ಚಮಚ ತಿಂದ. ಆಮೇಲೆ ಇದರದ್ದು, ಮತ್ತೆ ಅದರದ್ದು. ಕಣ್ಣು ಮುಚ್ಚಿಕೊಂಡು ತಿಂದ. ಸಣ್ಣ ಹುಡುಗನಾಗಿದ್ದಾಗಿನಿಂದ ಹಸಿ ಟೊಮೆಟೊ ಕಚ್ಚಿ ಇದು ಯಾವ ಸಾಲಿನದು ಎಂದು ಹೇಳುತ್ತಿದ್ದ ಅವನ ನಾಲಿಗೆಗೆ, ಈ ಎರಡು ಬಾಟಲಿಗಳಲ್ಲಿ ತನ್ನದು ಯಾವುದೆಂದು ಹೇಳಲಾಗಲಿಲ್ಲ.

ಹಾಗಾದರೆ ಊರವರು ಇಷ್ಟು ವರ್ಷ ಬಾಯಿ ಚಪ್ಪರಿಸಿದ್ದು ಯಾವುದಕ್ಕೆ? ಕುರ್ಚಿಗೆ ಒರಗಿ, ಹಣ್ಣು ಎಲ್ಲಿಯದು ಎಂದು ತಾನು ಕೇಳುತ್ತಿದ್ದಾಗ ಅವಳು ನಗುತ್ತಿದ್ದಳಲ್ಲ, ಏನೆಂದುಕೊಂಡು ನಗುತ್ತಿದ್ದಳು? ಫಿಂಟನ್ ಎರಡೂ ಬಾಟಲಿಯ ಮುಚ್ಚಳ ತಿರುವಿದ. ಲೋರ್ಕನ್ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಪ್ಯಾಕಿಯ ಮೇಲೆ ತಂದುಕೊಳ್ಳಲು ನೋಡಿದ. ಎರಡೂ ಬರಲಿಲ್ಲ. ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟದ್ದು ಆ ಗಂಡಸರ ಮೇಲಲ್ಲ, ತನ್ನ ಹೆಂಡತಿಯ ಕೈಯ ಮೇಲೆ ಎಂದು ಒಪ್ಪಿಕೊಳ್ಳುವುದು ಅವನಿಗೆ ಹಲ್ಲು ಕಿತ್ತ ಹಾಗಾಯಿತು.

ಭಾನುವಾರ ಬಂದರಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಫಿಂಟನ್ ಚರ್ಚಿಗೆ ಹಾಕಿಕೊಂಡು ಹೋಗುವ ಕೋಟಿನಲ್ಲೇ ಅಲ್ಲಿಗೆ ಹೋದ. ಕಾರ್ಮೆಲ್‌ಳ ಮೇಜಿನ ಮುಂದೆ ಸಾಲು ಉದ್ದವಾಗಿತ್ತು. ಲೋರ್ಕನ್ ಕಾವಲಿಯ ಮೇಲೆ ಚೀಸ್ ಮತ್ತು ರೆಲಿಶ್ ಒಳಗಿಟ್ಟ ಬ್ರೆಡ್ ಒತ್ತುತ್ತಿದ್ದ. ಅವಳು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಪ್ಯಾಕಿ ಬಾಟಲಿಯ ಪೆಟ್ಟಿಗೆಗಳನ್ನು ವ್ಯಾನಿನಿಂದ ಇಳಿಸುತ್ತಿದ್ದ. ಲಸ್ಕ್‌ನ ಒಬ್ಬ ಹೆಂಗಸು ಪ್ಯಾಕಿಯನ್ನು ತಡೆದು, ಈ ಸಲ ನಿನ್ನ ಹಣ್ಣಂತಲ್ಲ, ಅದಕ್ಕೇ ಇಷ್ಟು ರುಚಿ ಎಂದಳು. ಪ್ಯಾಕಿ ಪೆಟ್ಟಿಗೆ ಹೊತ್ತುಕೊಂಡೇ ಹೇಳಿದ, "ಹಣ್ಣಿನ ಮಾತು ಬಿಡಿ, ಅದು ಯಾರ ಹತ್ರ ಇಲ್ಲ? ಅವಳು ಮಾಡಿದ್ದಕ್ಕೆ ರುಚಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟ. ಮೂವತ್ತು ವರ್ಷ ತನ್ನ ಬಾಯಿಂದ ಬರಬೇಕಾಗಿದ್ದ ಮಾತನ್ನು ಈ ಮನುಷ್ಯ ಒಂದು ವಾರ ಈರುಳ್ಳಿ ಹೆಚ್ಚಿ ಹೇಳಿಬಿಟ್ಟ. ಫಿಂಟನ್‌ಗೆ ಬೇರೆ ಎಲ್ಲದಕ್ಕಿಂತ ಇದು ಹೆಚ್ಚು ಉರಿಯಿತು. ಅವನು ಮುಂದೆ ನುಗ್ಗದೆ ಸಾಲಿನ ಕೊನೆಗೆ ಹೋಗಿ ನಿಂತ. ಗುರುತಿದ್ದವರು ಮಾತಾಡಿಸಿದರು, ನೀವೂ ಸಾಲಿನಲ್ಲಾ ಎಂದು ನಕ್ಕರು. ಹೌದು ಎಂದ. ಬಿಸಿಲು ಕುತ್ತಿಗೆ ಸುಟ್ಟಿತು.

ಸರದಿ ಬಂದಾಗ ಕಾರ್ಮೆಲ್ ತಲೆಯೆತ್ತಿ ನೋಡಿದಳು. ಒಂದು ಗಳಿಗೆ ಕೈ ನಿಂತಿತು.

"ಏನು ಬೇಕು?"

"ಎಲ್ಲರಿಗೂ ಕೊಡ್ತಿರೋದೇ."

ಅವಳು ಕತ್ತರಿಸಿ ಸುತ್ತಿ ಕೊಟ್ಟಳು. ಅವನು ಪಕ್ಕಕ್ಕೆ ಸರಿಯದೆ ಅಲ್ಲೇ ಒಂದು ತುಂಡು ಕಚ್ಚಿದ. ಚೀಸ್ ಸುಡುತ್ತಿತ್ತು, ನಾಲಿಗೆ ಬೆಂದಿತು, ಕಣ್ಣಲ್ಲಿ ನೀರು ಬಂತು. ಹಿಂದಿದ್ದವರಿಗೆ ಕೇಳುವ ಹಾಗೆ ಹೇಳಬೇಕೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದ. ಹೊರಬಂದದ್ದು ಅದರಲ್ಲಿ ಅರ್ಧ.

"ಚೆನ್ನಾಗಿದೆ ಕಾರ್ಮೆಲ್. ನಿನ್ನೆ ಎರಡನ್ನೂ ತಿಂದು ನೋಡ್ದೆ, ನಂದು ಯಾವುದು ಅಂತ ನಂಗೇ ಗೊತ್ತಾಗ್ಲಿಲ್ಲ. ಹಣ್ಣಲ್ಲ ಅದು. ನಿನ್ನ ಕೈ."

ಲೋರ್ಕನ್ ಕಾವಲಿಯ ಕಡೆ ಬಗ್ಗಿಕೊಂಡ. ಕಾರ್ಮೆಲ್ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳ ಬಾಯಿಯ ಮೂಲೆ ಸ್ವಲ್ಪ ಅಲುಗಿತು.

"ಇಷ್ಟು ಹೇಳೋಕೆ ಕೋಟು ಹಾಕ್ಕೊಂಡು ಬಂದ್ಯಾ," ಎಂದಳು. "ಪಕ್ಕಕ್ಕೆ ಸರಿ, ಹಿಂದೆ ಜನ ಕಾಯ್ತಿದಾರೆ."

ಅವನು ಸರಿದು ಹೋಗಿ ಪ್ಯಾಕಿಯ ವ್ಯಾನಿನ ಹತ್ತಿರ ನಿಂತ. ಅಲ್ಲಿ ಮಾತು ಇನ್ನೂ ಕಷ್ಟವಾಯಿತು. ಅವತ್ತು ನಿನ್ನ ಮನೆಯಲ್ಲಿ ಆಡಬಾರದ್ದು ಆಡಿದೆ ಎಂದ. ಅದೂ ಬ್ರಿಡಿಯ ಅಡುಗೆಮನೆಯಲ್ಲಿ ಎಂದ. ಪ್ಯಾಕಿ ಇನ್ನೆರಡು ಪೆಟ್ಟಿಗೆ ಇಳಿಸುವವರೆಗೆ ಅವನನ್ನು ಕಾಯಿಸಿದ. ಆಮೇಲೆ, ಅವಳಿಗೆ ಹೇಳಿದೆಯಾ ಎಂದು ಕೇಳಿದ. ಆ ಮಾತಿಗೆ ಇನ್ನೂ ಕ್ಷಮೆ ಕೇಳಿಲ್ಲ ಎಂದ ಫಿಂಟನ್. ಮೊದಲು ಅಲ್ಲಿ ಕೇಳು, ನಂದು ಆಮೇಲೆ ನೋಡೋಣ ಎಂದು ಪ್ಯಾಕಿ ಒಂದು ಪೆಟ್ಟಿಗೆಯನ್ನು ಅವನ ಕೈಗಿಟ್ಟ. ಫಿಂಟನ್ ಅದನ್ನು ಹೊತ್ತುಕೊಂಡು ಹೋಗಿ ಮೇಜಿನ ಕೆಳಗಿಟ್ಟ. ಸಂಜೆಯವರೆಗೆ ಅವನೂ ಪೆಟ್ಟಿಗೆ ಹೊತ್ತ. ಕೋಟಿನ ತೋಳಿಗೆ ರೆಲಿಶ್ ಅಂಟಿತು.

ಮನೆಗೆ ಬರುವಾಗ ಕಾರಿನಲ್ಲಿ ಕ್ಷಮೆ ಕೇಳಿದ. ಅವಳು ಕಿಟಕಿಯಾಚೆ ನೋಡುತ್ತ, ಕೇಳಿಸಿಕೊಂಡೆ ಎಂದಳು. ಅದನ್ನು ಮರೆಯಲು ತನಗೆ ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡ ಎಂದಳು. ಬಂದರಿನಿಂದ ತಂದಿದ್ದ ಕಾಡ್ ಮೀನನ್ನು ಅವಳು ರೆಲಿಶ್ ಹಚ್ಚಿ ಬೇಯಿಸಿದಳು. ಅವನು ಎರಡು ಸಲ ಹಾಕಿಸಿಕೊಂಡ. ಊಟವಾದ ಮೇಲೆ ಅವಳು ಮಗಳ ಕೋಣೆಗೇ ಹೋದಳು.

ಆ ವಾರ ಗಾಜಿನ ಮನೆಯಲ್ಲಿ ಬಿರಿದ ಹಣ್ಣನ್ನೆಲ್ಲ ಫಿಂಟನ್ ಹಿತ್ತಿಲ ಬಾಗಿಲಲ್ಲಿ ತಂದಿಟ್ಟ. ಕಾರ್ಮೆಲ್ ತೆಗೆದುಕೊಂಡಳು. ಆದರೆ ಇನ್ನು ಮುಂದೆ ಪ್ಯಾಕಿಯ ಹಣ್ಣನ್ನೂ ತೆಗೆದುಕೊಳ್ಳುತ್ತೇನೆ, ಲೋರ್ಕನ್ ಕೇಳುವಷ್ಟು ಮಾಡಲು ಎರಡೂ ಮನೆಯದು ಬೇಕು ಎಂದು ಸ್ಪಷ್ಟವಾಗಿ ಹೇಳಿದಳು. ಫಿಂಟನ್‌ಗೆ ಅದು ಹಿಡಿಸಲಿಲ್ಲ. ಮುಖದಲ್ಲಿ ಕಂಡಿರಬೇಕು, ಅವಳು ಸೌಟು ಹಿಡಿದು ಅವನನ್ನೇ ನೋಡುತ್ತ ನಿಂತಳು. ಒಳ್ಳೆಯದು, ಪೆಟ್ಟಿಗೆ ಬೇಕಾದರೆ ನಾನೇ ಹೋಗಿ ತರುತ್ತೇನೆ ಎಂದ. ಹೇಳಿದ ಮೇಲೆ ಹೋಗಲೇಬೇಕಾಯಿತು, ಹೋದ.

ಬೆಳೆ ಮುಗಿದು ಗಿಡಗಳನ್ನು ಕಿತ್ತು ಗಾಜಿನ ಮನೆ ತೊಳೆಯುವ ಹೊತ್ತಿಗೆ, ಒಂದು ತಣ್ಣನೆಯ ಸಂಜೆ, ಕಾರ್ಮೆಲ್ ತನ್ನ ದಿಂಬನ್ನು ಹಳೆಯ ಜಾಗಕ್ಕೆ ತಂದು ಹಾಕಿದಳು. ಮಗಳ ಕೋಣೆ ಚಳಿ ಎಂದಳು. ಫಿಂಟನ್ ಹೌದು, ಆ ಕಿಟಕಿಯಲ್ಲಿ ಗಾಳಿ ಬರುತ್ತದೆ ಎಂದ.